ಎರಡು ಹಿನ್ನೀರಿನ ನಡುವೆ ಆರು ದಿನ

ಮೊದಲ ದಿನ: ಮುನುಯಿ

ಬೆಳಗ್ಗೆ ಎಂಟಕ್ಕೆ ಹಲ್ಮೊನಿ ಬಾಗಿಲು ತಟ್ಟಿದರು. ಹಲ್ಮೊನಿ ಅಂದರೆ ಅಜ್ಜಿ. ನಾನಿದ್ದ ಮನೆಯ ಮಾಲೀಕರು ಅವರು. ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಬಾಗಿಲು ತೆಗೆದ ಕೂಡಲೇ "ಪಾಪ್ ಮೊಗಸ್ಸೊ?" ಎಂದರು. ಊಟ ಆಯ್ತಾ ಅಂತ. ಆರು ವರ್ಷದಲ್ಲಿ ನನ್ನ ಹತ್ತಿರ ಅವರು ಬೇರೆ ಯಾವ ಮಾತಿನಿಂದಲೂ ಮಾತು ಶುರು ಮಾಡಿದ್ದು ನೆನಪಿಲ್ಲ. ನಮ್ಮೂರಲ್ಲೂ ಹಾಗೇ ಅಲ್ವಾ?

ನಾನು ಕೆಲಸಕ್ಕೆ ಇದ್ದದ್ದು ದೇಜನ್ ಎಂಬ ಊರಲ್ಲಿ. ದಕ್ಷಿಣ ಕೊರಿಯಾದ ನಡುಭಾಗದಲ್ಲಿದೆ. ಸೋಲ್‌ನಿಂದ ವೇಗದ ರೈಲಿನಲ್ಲಿ ಒಂದು ಗಂಟೆ. ಸಂಶೋಧನಾ ಸಂಸ್ಥೆಗಳೇ ತುಂಬಿಕೊಂಡಿರುವ ಊರು, ಅದರಲ್ಲಿ ಒಂದರಲ್ಲಿ ನನ್ನ ಗುತ್ತಿಗೆ ಮುಗಿದಿತ್ತು. ಇನ್ನು ಮೂರನೇ ದಿನಕ್ಕೆ ವಿಮಾನ. ಗಂಟುಮೂಟೆ ಕಟ್ಟೋದು ಬಿಟ್ಟು ಎಲ್ಲಿಗೆ ಹೋಗೋದು ಅಂದರೆ ಹಲ್ಮೊನಿ ಕೇಳಲಿಲ್ಲ. "ನನ್ನ ಗೊಹ್ಯಾಂಗ್ ತೋರಿಸದೆ ಕಳಿಸೋದಿಲ್ಲ" ಎಂದರು. ಗೊಹ್ಯಾಂಗ್ ಅಂದರೆ ಹುಟ್ಟೂರು. ಮಗ ಕಾರು ತಂದು ರಸ್ತೆಯಲ್ಲಿ ನಿಲ್ಲಿಸಿಕೊಂಡಿದ್ದರು.

ನವೆಂಬರ್ ಮೊದಲ ವಾರ. ರಸ್ತೆಯ ಎರಡೂ ಕಡೆ ಗಿಂಕೊ ಮರಗಳು ಅರಿಸಿನದ ಹಾಗೆ ಹಳದಿಯಾಗಿದ್ದವು. ನೋಡಲಿಕ್ಕೆ ಎಷ್ಟು ಚಂದವೋ ಅದರ ಹಣ್ಣು ಕಾಲಿಗೆ ಸಿಕ್ಕರೆ ಅಷ್ಟು ನಾತ. ಶರತ್ಕಾಲದಲ್ಲಿ ಹೋಗುವವರು ಮೇಲೆ ನೋಡಿಕೊಂಡು ನಡೆಯಬೇಡಿ, ಕೆಳಗೆ ನೋಡಿ. ಆ ವಾಸನೆಯ ಚಪ್ಪಲಿ ಹಾಕಿಕೊಂಡು ಬಸ್ ಹತ್ತಿದ ಅನುಭವ ನನಗಿದೆ.

ಊರು ದಾಟಿ ಸ್ವಲ್ಪ ಹೊತ್ತಿಗೆ ದೇಚಂಗ್ ಅಣೆಕಟ್ಟಿನ ಹಿನ್ನೀರು ಸಿಕ್ಕಿತು. ಗ್ಯುಮ್ ನದಿಗೆ 1975ರಲ್ಲಿ ಕಟ್ಟಲು ಶುರು ಮಾಡಿದ ಅಣೆಕಟ್ಟು. ದೇಜನ್ ಊರಿಗೆ ನೀರು ಬರೋದು ಅಲ್ಲಿಂದಲೇ. ನೀರಿನ ಅಂಚಿಗೆ ರಸ್ತೆ ಸುತ್ತಿ ಸುತ್ತಿ ಹೋಗುತ್ತದೆ. ಗುಡ್ಡದ ಬುಡದವರೆಗೂ ನೀರು ಒಳಗೆ ನುಗ್ಗಿ, ಕೈಬೆರಳು ಚಾಚಿದ ಹಾಗೆ ಕಾಣುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಏನೋ ಆಗಿತ್ತು. ಇದು ಶರಾವತಿ ಹಿನ್ನೀರಲ್ಲದೆ ಮತ್ತೇನು? ಪೈನ್ ಮರಗಳ ಬದಲು ನಮ್ಮ ಕಾಡು ಇಟ್ಟರೆ ಮುಗೀತು.

ಮುನುಯಿ ಎಂಬಲ್ಲಿ ಮುಳುಗಡೆ ಆಗುವ ಮೊದಲು ಬಿಚ್ಚಿ ತಂದ ಕೆಲವು ಹಳೇ ಮನೆಗಳನ್ನು ಗುಡ್ಡದ ಮೇಲೆ ಮತ್ತೆ ಜೋಡಿಸಿ ಇಟ್ಟಿದ್ದಾರೆ. ಮಣ್ಣಿನ ಗೋಡೆ, ಹುಲ್ಲಿನ ಮಾಡು, ಹಿತ್ತಿಲಲ್ಲಿ ಉಪ್ಪಿನಕಾಯಿ ಭರಣಿಯಂಥ ದೊಡ್ಡ ದೊಡ್ಡ ಜಾಡಿ. ಹಲ್ಮೊನಿ ಮನೆಗಳ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕೆರೆ ಕಾಣುವ ಅಂಚಿಗೆ ಹೋಗಿ ನಿಂತು ಕೈ ಚಾಚಿದರು. "ಅಲ್ಲಿ."

ಮಗ ಫೋನಿನಲ್ಲಿ ನಕ್ಷೆ ತೆಗೆದು ಆ ಜಾಗ ಹುಡುಕಿದರು. ಬರೀ ನೀಲಿ. ದೊಡ್ಡದು ಮಾಡಿದರು. ಇನ್ನೂ ನೀಲಿ.

ನೀರು ಬಂದು ಊರು ಹೋದವರಿಗೆ ಕೊರಿಯನ್ನರು ಸುಮೊಲ್‌ಮಿನ್ ಎನ್ನುತ್ತಾರೆ. ಸುಮೊಲ್ ಅಂದರೆ ಮುಳುಗಡೆ. ನಮ್ಮ ಕಡೆ 'ಅವರು ಮುಳುಗಡೆಯವರು' ಅಂತೀವಲ್ಲ, ಅದೇ. ನಮ್ಮದೂ ಮುಳುಗಡೆ ಮನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅಜ್ಜ ಅಜ್ಜಿ ಗದ್ದೆ, ತೋಟ ಎಲ್ಲ ಬಿಟ್ಟು ಗುಡ್ಡ ಹತ್ತಿದರು. ನಾನು ಹಲ್ಮೊನಿ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ, ಬೆಚ್ಚಗಿನ ನೆಲದ ಮೇಲೆ ಕೂತು ಅರೆಬರೆ ಭಾಷೆಯಲ್ಲಿ ಇದನ್ನು ಹೇಳಿದ್ದೆ. ಅವತ್ತಿನಿಂದ ಹಲ್ಮೊನಿಗೆ ನಾನು ಬಾಡಿಗೆಯವಳಲ್ಲ. (ಬಾಡಿಗೆ ಮಾತ್ರ ಒಂದು ವೊನ್ ಕೂಡ ಇಳಿಸಲಿಲ್ಲ, ಅದು ಬೇರೆ ವಿಷಯ.)

ಹತ್ತಿರದಲ್ಲೇ ದೇಶದ ಅಧ್ಯಕ್ಷರು ಬರುತ್ತಿದ್ದ ವಿಶ್ರಾಂತಿ ಮನೆ ಇದೆ, ಚಂಗ್‌ನಾಮ್ದೆ ಅಂತ. 2003ರಲ್ಲಿ ಜನರಿಗೆ ತೆರೆದರು. ನೋಡೋಣವೇ ಎಂದೆ. "ನಮ್ಮ ಊರು ಮುಳುಗಿಸಿ ಮಾಡಿದ ಕೆರೆಯ ಗಾಳಿ ಕುಡಿಯಲಿಕ್ಕೆ ಅವರು ಬರುತ್ತಿದ್ದರು. ನಾನ್ಯಾಕೆ ಟಿಕೆಟ್ ಕೊಡಲಿ?" ಎಂದರು ಹಲ್ಮೊನಿ. ಹೋಗಲಿಲ್ಲ.

ವಾಪಸ್ ಬರುವಾಗ ಎಲೆಯೆಲ್ಲ ಉದುರಿ ಬರೀ ಹಣ್ಣು ನಿಂತ ಪರ್ಸಿಮನ್ ಮರಗಳು. ಕೊಯ್ದು ಮುಗಿದ ಮರಗಳ ತುದಿಯಲ್ಲೂ ಮೂರು ನಾಲ್ಕು ಹಣ್ಣು ಬಿಟ್ಟಿರುತ್ತಾರೆ. ಕಾಚಿಬಾಪ್ ಎನ್ನುತ್ತಾರೆ ಅದಕ್ಕೆ, ಹಕ್ಕಿಯ ಪಾಲಿನ ಊಟ. ಕಾರು ನಿಲ್ಲಿಸಿ ಒಬ್ಬ ರೈತನ ಹತ್ತಿರ ಒಂದು ಬುಟ್ಟಿ ಕೊಂಡೆವು. ಕಾರಿನಲ್ಲೇ ಅರ್ಧ ಖಾಲಿ.

ಎರಡನೇ ದಿನ: ಖಾಲಿ ಕೋಣೆ

ಇಡೀ ದಿನ ಎಸೆಯೋದೇ ಕೆಲಸ. ಕೊರಿಯಾದಲ್ಲಿ ಎಸೆಯೋದು ಕೊಳ್ಳೋದಕ್ಕಿಂತ ಕಷ್ಟ. ಮಾಮೂಲಿ ಕಸಕ್ಕೆ ದುಡ್ಡು ಕೊಟ್ಟು ತಂದ ಚೀಲವೇ ಆಗಬೇಕು. ಅನ್ನ ತರಕಾರಿಗೆ ಬೇರೆ. ಪ್ಲಾಸ್ಟಿಕ್ ಬಾಟಲಿಯ ಲೇಬಲ್ ಕಿತ್ತು ಬೇರೆ. ಕುರ್ಚಿ ಮೇಜು ಎಸೆಯಲಿಕ್ಕೆ ದುಡ್ಡು ಕಟ್ಟಿ ಸ್ಟಿಕ್ಕರ್ ತಂದು ಅಂಟಿಸಬೇಕು. ಒಳ್ಳೆಯ ಸಾಮಾನನ್ನು ತಿಂಗಳ ಮೊದಲೇ ಹಳೇ ಸಾಮಾನು ಮಾರುವ ಆ್ಯಪಿಗೆ ಹಾಕಿದರೆ ಅಕ್ಕಪಕ್ಕದವರೇ ಬಂದು ಒಯ್ಯುತ್ತಾರೆ. ನಾನು ಅದನ್ನು ಕೊನೇ ದಿನಕ್ಕೆ ಇಟ್ಟುಕೊಂಡಿದ್ದೆ. ಹಾಗಾಗಿ ಒಂದು ಕುರ್ಚಿಯನ್ನು ಸುಮ್ನೆ ಮೂಲೆಯಲ್ಲಿಟ್ಟು ಬಂದೆ. ಹತ್ತು ನಿಮಿಷಕ್ಕೆ ಹಲ್ಮೊನಿ ಅದನ್ನು ಎತ್ತಿಕೊಂಡು ಮೇಲೆ ಬಂದರು. "ಕ್ಯಾಮೆರಾ ಇದೆ. ಹೋಗುವ ಮುಂಚೆ ದಂಡ ಕಟ್ಟಬೇಕಾ?"

ಕೊನೆಗೆ ಆ ಕುರ್ಚಿಯನ್ನು ಅವರೇ ಇಟ್ಟುಕೊಂಡರು.

ಮೂರನೇ ದಿನ: ಇಂಚೆನ್

ಬೆಳಗಿನ ಜಾವದ ಏರ್‌ಪೋರ್ಟ್ ಬಸ್ಸು. ಹಲ್ಮೊನಿ ನಿಲ್ದಾಣಕ್ಕೆ ಬಂದು ಒಂದು ಡಬ್ಬಿ ಕೈಗಿಟ್ಟರು. ಅವರೇ ಮಾಡಿದ ದೆನ್‌ಜಾಂಗ್. ಸೋಯಾ ಕಾಳು ಬೇಯಿಸಿ, ಮುದ್ದೆ ಕಟ್ಟಿ, ಒಣಗಿಸಿ, ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಇಟ್ಟು ಮಾಡುವ ಪೇಸ್ಟು. ಮಾಂಸ ಮೀನು ತಿನ್ನದ ನನ್ನನ್ನು ಆರು ವರ್ಷ ಸಾಕಿದ್ದು ಅದೇ. ಅಲ್ಲಿನ ಕಿಮ್ಚಿಯಲ್ಲಿ, ಅಂದರೆ ಹುಳಿ ಬರಿಸಿದ ತರಕಾರಿಯಲ್ಲಿ, ಸಾಮಾನ್ಯವಾಗಿ ಮೀನಿನ ಸಾರವೋ ಸಿಗಡಿಯೋ ಇರುತ್ತದೆ. ಸಸ್ಯಾಹಾರಿಗಳು ಕೇಳಿ ತಿನ್ನಬೇಕು. ಇದು ನನಗೆ ಗೊತ್ತಾಗಿದ್ದು ಮೂರು ತಿಂಗಳು ಚಪ್ಪರಿಸಿ ತಿಂದ ಮೇಲೆ.

ಅಳಲಿಲ್ಲ ಇಬ್ಬರೂ. "ತಲುಪಿದ ಮೇಲೆ ಊಟ ಮಾಡು" ಎಂದರು. ಬಸ್ಸು ಹೊರಟಿತು.

ಊರಿಂದ ವಿಮಾನ ನಿಲ್ದಾಣಕ್ಕೆ ಸುಮಾರು ಮೂರು ಗಂಟೆ. ಎರಡೂವರೆ ಗಂಟೆ ನಿದ್ದೆ. ಎಚ್ಚರ ಆದಾಗ ಬಸ್ಸು ಸಮುದ್ರದ ಮೇಲಿತ್ತು. ಇಂಚೆನ್ ಸೇತುವೆ 21 ಕಿಲೋಮೀಟರಿಗೂ ಉದ್ದ, 2009ರಲ್ಲಿ ಆದದ್ದು. ಕೆಳಗೆ ನೀರಿಳಿದು ಬೂದು ಬಣ್ಣದ ಕೆಸರು ಮೈಲಿಗಟ್ಟಲೆ ಹರಡಿತ್ತು. ಎತ್ತರದ ಕಂಬ, ಅದರಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಕಿಟಕಿಯಾಚೆ ಒಂದೊಂದಾಗಿ ಹಿಂದೆ ಸರಿದವು. 2019ರಲ್ಲಿ ಬಂದ ದಿನ ಇದೇ ಸೇತುವೆ ನೋಡಿ ಅಪ್ಪಯ್ಯನಿಗೆ ಫೋಟೋ ಕಳಿಸಿದ್ದೆ. 'ನಮಗೆ ಇದರ ಒಂದು ತುಂಡು ಸಾಕಿತ್ತು' ಅಂತ ಉತ್ತರ ಬಂದಿತ್ತು.

ಅಪ್ಪಯ್ಯ ತಮಾಷೆಗೆ ಹೇಳಿದ್ದಲ್ಲ. ನಮ್ಮ ಮನೆ ಇರೋದು ಸಾಗರ ತಾಲೂಕಿನ ತುಮರಿ ಕಡೆ. ನೀರು ಬಂದ ಮೇಲೆ ಸಾಗರಕ್ಕೂ ನಮಗೂ ನಡುವೆ ಹಿನ್ನೀರು ಕೂತಿತು. ದಾಟಲಿಕ್ಕೆ ಲಾಂಚ್. ಬಸ್ಸು, ಜೀಪು, ಬೈಕು, ಹಾಲಿನ ಕ್ಯಾನು, ಮದುವೆ ದಿಬ್ಬಣ ಎಲ್ಲವೂ ಅದರಲ್ಲೇ. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ರಾತ್ರಿ, ಇಲ್ಲಾ ಹೊಸನಗರದ ಕಡೆಯಿಂದ ಊರೆಲ್ಲ ಸುತ್ತಿ ಬರಬೇಕು. ರಾತ್ರಿ ಹೊತ್ತು ಬಸುರಿಗೆ ನೋವು ಬಂದರೆ ಏನು ಅಂತ ಹೊರಗಿನವರು ಕೇಳುತ್ತಿದ್ದರು. ನಾವು ಉತ್ತರ ಹೇಳದೆ ಮಾತು ಬದಲಿಸುತ್ತಿದ್ದೆವು.

ಸೆಕ್ಯುರಿಟಿಯಲ್ಲಿ ದೆನ್‌ಜಾಂಗ್ ಡಬ್ಬಿ ಸಿಕ್ಕಿಬಿತ್ತು. ಅದೂ ನೀರಿನ ಲೆಕ್ಕವೇ, ಕೈಚೀಲದಲ್ಲಿ ಬಿಡುವುದಿಲ್ಲ. ಗೊತ್ತಿತ್ತು ನನಗೆ. ಕಿಮ್ಚಿ, ಮೆಣಸಿನ ಪೇಸ್ಟು ಎಲ್ಲ ಲಗೇಜಿಗೆ ಹಾಕಿ ಅಂತ ಬೇರೆಯವರಿಗೆ ಬುದ್ಧಿ ಹೇಳಿದವಳೇ ನಾನು. ಆದರೆ ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಮೂರು ಗಂಟೆ ಬಂದವಳಿಗೆ ಅದನ್ನು ಪೆಟ್ಟಿಗೆಗೆ ಹಾಕುವ ನೆನಪೇ ಆಗಿರಲಿಲ್ಲ. ತಪಾಸಣೆಯ ಹುಡುಗಿ ಮುಚ್ಚಳ ತೆಗೆದು ಮೂಸಿದಳು. "ಮನೆಯಲ್ಲಿ ಮಾಡಿದ್ದಾ?" ಅಂತ ಕೇಳಿ, ಬೇಜಾರಾದ ಮುಖ ಮಾಡಿ, ಆಮೇಲೆ ಕಸದ ಡಬ್ಬಕ್ಕೆ ಹಾಕಿದಳು.

ಇಮಿಗ್ರೇಶನ್ನಿನಲ್ಲಿ ವಿದೇಶಿಯರ ಗುರುತಿನ ಚೀಟಿ ವಾಪಸ್ ಕೊಡಬೇಕು. ಮತ್ತೆ ಬರುವುದಿಲ್ಲ ಎಂದವರಿಗೆ ಅದು ಕಾನೂನು. ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ. ಆತನೂ ಎರಡು ಕೈಯಲ್ಲಿ ತೆಗೆದುಕೊಂಡ. ಬ್ಯಾಂಕು, ಆಸ್ಪತ್ರೆ, ಫೋನು, ಎಲ್ಲದಕ್ಕೂ ಬೇಕಾಗುತ್ತಿದ್ದ ನಂಬರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಈಗಲೂ ಹೇಳಬಲ್ಲೆ.

ನಾಲ್ಕನೇ ದಿನ: ಬೆಂಗಳೂರು

ನಡುವೆ ಒಂದು ಕಡೆ ವಿಮಾನ ಬದಲಿಸಿ, ನಿದ್ದೆ ಬಾರದೆ, ಬೆಂಗಳೂರು. ಹೊಸ ಟರ್ಮಿನಲ್ ನಾನು ನೋಡಿದ್ದು ಇದೇ ಮೊದಲು. ಮೇಲೆಲ್ಲ ಬಿದಿರು, ತೂಗುವ ಗಿಡಗಳು. ಪಾಸ್‌ಪೋರ್ಟ್ ನೋಡಿದವರು "ಏನ್ ಮೇಡಂ, ಜಾಸ್ತಿ ದಿನ ಆಯ್ತಲ್ಲ ಊರಿಗೆ ಬಂದು" ಎಂದರು. "ನೆ" ಎಂದೆ. ಕೊರಿಯನ್ನಲ್ಲಿ 'ಹೌದು' ಅಂತ. ಅವರು "ಏನು?" ಎಂದರು. "ಹೌದು ಸರ್" ಎಂದೆ. ಮುಂದಿನ ಎರಡು ದಿನ ಈ 'ನೆ' ನನ್ನ ಬೆನ್ನು ಬಿಡಲಿಲ್ಲ. ಆಟೋದವರೊಬ್ಬರು "ಮೀಟರ್ ಮೇಲೆ ಇಪ್ಪತ್ತು ಕೊಡ್ತೀರಾ?" ಅಂದಾಗ "ನೆ, ನೆ" ಎಂದೆ. ಒಲ್ಲೆ ಎನ್ನುತ್ತಿದ್ದೇನೆ ಅಂದುಕೊಂಡು "ಸರಿ ಬಿಡಿ, ಹತ್ತು ಕೊಡಿ" ಎಂದರು. ಹತ್ತು ರೂಪಾಯಿ ಉಳಿಯಿತು.

ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಬಂದೆ. ಹೆಬ್ಬಾಳದ ಹತ್ತಿರ ಮುಕ್ಕಾಲು ಗಂಟೆ ನಿಂತಲ್ಲೇ. ಯಾರಿಗೂ ಅವಸರವಿಲ್ಲ, ಆದರೆ ಎಲ್ಲರದ್ದೂ ಹಾರ್ನ್. ಅಲ್ಲಿ ಇದರ ತಿರುಗುಮುರುಗು. 'ಪಲ್ಲಿ ಪಲ್ಲಿ', ಅಂದರೆ ಬೇಗ ಬೇಗ, ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ. ಲಿಫ್ಟಿನಲ್ಲಿ ಬಾಗಿಲು ಮುಚ್ಚುವ ಬಟನ್ ಸವೆದು ಅಕ್ಷರ ಹೋಗಿರುತ್ತದೆ. ಹಾರ್ನ್ ಮಾತ್ರ ಅಪರೂಪ.

ಮೆಜೆಸ್ಟಿಕ್ಕಲ್ಲಿ ಒಂದು ಪೇಚು. ಚಹಾ ಕುಡಿದು ಐನೂರರ ನೋಟು ಕೊಟ್ಟೆ. ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ ಎಂದ ಹುಡುಗ. ಸ್ಕ್ಯಾನ್ ಮಾಡಲಿಕ್ಕೆ ಇಲ್ಲಿನ ನಂಬರು ಬೇಕು. ನನ್ನ ಸಿಮ್ ರೀಚಾರ್ಜ್ ಇಲ್ಲದೆ ಎಂದೋ ಸತ್ತಿತ್ತು. ಹೊರದೇಶದಲ್ಲಿರುವವರು ಏನು ಮರೆತರೂ ಇದೊಂದು ಮರೆಯಬೇಡಿ, ಆ ನಂಬರಿಲ್ಲದೆ ಇಲ್ಲಿ ಬ್ಯಾಂಕೂ ಇಲ್ಲ, ಚಹಾವೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಹೂವಿನ ಬುಟ್ಟಿಯ ಹೆಂಗಸು ತನ್ನ ಫೋನು ಹಿಡಿದು 'ಟಿಣ್' ಎನಿಸಿದರು. ನಾನು ಬಗ್ಗಿ ಬಗ್ಗಿ ಥ್ಯಾಂಕ್ಸ್ ಹೇಳಿದೆ. "ಅಯ್ಯೋ ಯಾಕವ್ವ ಅಷ್ಟೊಂದು ಬಗ್ತೀಯಾ, ಬೆನ್ನು ನೋವಾ?" ಎಂದರು.

ರಾತ್ರಿ ತಾಳಗುಪ್ಪದ ರೈಲು. ಎಲ್ಲರೂ ಊಟದ ಡಬ್ಬಿ ಬಿಚ್ಚಿದರು, ಎಲ್ಲರೂ ಎಲ್ಲರ ಸಂಬಳ ಕೇಳಿದರು. ಅಲ್ಲಿನ ರೈಲಿನಲ್ಲಿ ಫೋನ್ ಬಂದರೂ ಎದ್ದು ಬಾಗಿಲಿಗೆ ಹೋಗಿ ಮಾತಾಡುತ್ತಾರೆ. ಆ ಮೌನ ನನಗೆ ರೂಢಿಯಾಗಿಬಿಟ್ಟಿದೆ ಅಂತ ಅರಸೀಕೆರೆ ಬರುವವರೆಗೆ ಗೊತ್ತಿರಲಿಲ್ಲ. ಕೆಳಗಿನ ಬರ್ತಿನವರು ಒಂದು ಸಿನಿಮಾವನ್ನು ಪೂರ್ತಿ ನನಗೆ ಕೇಳಿಸಿದರು.

ಐದನೇ ದಿನ: ಹೊಳೆ

ಆನಂದಪುರದಲ್ಲಿ ಬೆಳಕಾಯಿತು. ಕಿಟಕಿ ತೆಗೆದರೆ ಇಬ್ಬನಿ, ಒದ್ದೆ ಮಣ್ಣಿನ ವಾಸನೆ. ಸಾಗರದಲ್ಲಿ ಇಳಿದು ಬಸ್ ಸ್ಟ್ಯಾಂಡ್ ಹತ್ತಿರ ಬನ್ಸ್ ತಿಂದೆ. ಬಾಳೆಹಣ್ಣಿನ ಸಿಹಿ, ಜೀರಿಗೆ, ಬಿಸಿ. ಎರಡು ತಿಂದು ಮತ್ತೆರಡು ಕಟ್ಟಿಸಿಕೊಂಡೆ. ಚಟ್ನಿ ಕೇಳುವುದಕ್ಕೆ ಮುಂಚೆಯೇ ಮತ್ತೊಂದು ಸೌಟು ಬಿತ್ತು.

ತುಮರಿ ಕಡೆಯ ಖಾಸಗಿ ಬಸ್ಸು ಸಿಕ್ಕಿತು. ಸರ್ಕಾರಿ ಬಸ್ಸಾಗಿದ್ದರೆ ಹೆಂಗಸರಿಗೆ 2023ರಿಂದ ದುಡ್ಡಿಲ್ಲ, ಆಧಾರ್ ತೋರಿಸಿದರೆ ಸಾಕು. ಆದರೆ ಕಾಯುವ ತಾಳ್ಮೆ ನನಗಿರಲಿಲ್ಲ. ಕಂಡಕ್ಟರಿಗೆ ಎರಡು ಕೈಯಲ್ಲಿ ನೋಟು ಕೊಟ್ಟೆ. ಆತ ಒಂದು ಕ್ಷಣ ನೋಡಿ, ತಾನೂ ಎರಡು ಕೈಯಲ್ಲಿ ಟಿಕೆಟ್ ಕೊಟ್ಟು ನಕ್ಕ. "ಪ್ರಸಾದ ಕೊಟ್ಟಂಗಾತು."

ಆವಿನಹಳ್ಳಿ ದಾಟಿದ ಮೇಲೆ ನನ್ನ ಎದೆ ಬಡಿತ ಜಾಸ್ತಿಯಾಯಿತು. ಹೊಳೆಬಾಗಿಲು ಬರಬೇಕು. ಲಾಂಚ್ ಹತ್ತುವ ಜಾಗಕ್ಕೆ ಹೊಳೆಬಾಗಿಲು ಅಂತಲೇ ಹೆಸರು. ಅಲ್ಲಿ ಇಳಿಯಬೇಕು, ಇಳಿಜಾರಿನಲ್ಲಿ ನಡೆಯಬೇಕು, ಲಾಂಚ್ ಆಚೆ ದಡದಲ್ಲಿದ್ದರೆ ಅದು ಬರುವವರೆಗೆ ಕಲ್ಲಿನ ಮೇಲೆ ಕೂರಬೇಕು. ಕೊರಿಯಾದಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಮನಸ್ಸಿನಲ್ಲಿ ಊರಿಗೆ ಬರುತ್ತಿದ್ದದ್ದು ಹೀಗೇ. ಮನೆ ತಲುಪುವ ಮೊದಲು ನಿದ್ದೆ ಬರುತ್ತಿತ್ತು, ಹೆಚ್ಚಾಗಿ ಆ ಕಲ್ಲಿನ ಮೇಲೇ.

ಬಸ್ಸು ನಿಲ್ಲಲಿಲ್ಲ.

ಸೇತುವೆ ಆಗಿದೆ ಅಂತ ನನಗೆ ಗೊತ್ತಿತ್ತು. ಅಂಬಾರಗೊಡ್ಲುವಿನಿಂದ ಕಳಸವಳ್ಳಿಗೆ, ಎರಡು ಕಿಲೋಮೀಟರಿಗೂ ಉದ್ದ. 2025ರ ಜುಲೈ 14ಕ್ಕೆ ಉದ್ಘಾಟನೆ. ಅವತ್ತು ಅಪ್ಪಯ್ಯ ಹದಿನೇಳು ವಿಡಿಯೋ ಕಳಿಸಿದ್ದರು. 2022ರಲ್ಲಿ ಬಂದಾಗ ನೀರಿನ ನಡುವೆ ಕಂಬಗಳನ್ನೂ ನೋಡಿದ್ದೆ. ಆದರೂ ಗೊತ್ತಿರೋದು ಬೇರೆ. ಕಿಟಕಿಯಾಚೆ ಕಂಬದಿಂದ ಇಳಿದ ಹಗ್ಗಗಳು ಒಂದೊಂದಾಗಿ ಹಿಂದೆ ಸರಿದವು. ಮೊನ್ನೆ ಇಂಚೆನ್‌ನಲ್ಲಿ ಸರಿದ ಹಾಗೇ. ಅಪ್ಪಯ್ಯ ಕೇಳಿದ್ದ ಒಂದು ತುಂಡು ಸಿಕ್ಕಿತ್ತು. ಲಾಂಚ್ ನಿಲ್ಲುತ್ತಿದ್ದ ಜಾಗ ಯಾವ ಕಡೆ ಅಂತ ಹುಡುಕುವಷ್ಟರಲ್ಲಿ ಆಚೆ ದಡ ಬಂತು. ಕಟ್ಟಿಸಿಕೊಂಡಿದ್ದ ಬನ್ಸ್ ತೆಗೆಯಲಿಕ್ಕೂ ಹೊತ್ತು ಸಿಗಲಿಲ್ಲ. ಅದು ಲಾಂಚಿನಲ್ಲಿ ತಿನ್ನಲಿಕ್ಕೆ ತಂದದ್ದಾಗಿತ್ತು.

"ಇಷ್ಟು ಬೇಗ ಬಂದ್ಯಾ?" ಎಂದಳು ಅಮ್ಮ. ಒಲೆ ಮೇಲೆ ನೀರೂ ಕಾದಿರಲಿಲ್ಲ. ಅಂಗಳದ ತುಂಬ ಅಡಿಕೆ. ಕೊಯ್ಲು ಶುರುವಾಗಿ ಸುಲಿಯುವವರು ಸಾಲಾಗಿ ಕೂತಿದ್ದರು. ಹಂಡೆಯಲ್ಲಿ ಅಡಿಕೆ ಬೇಯುವ ಒಗರು ವಾಸನೆ ಹಿತ್ತಿಲಿಂದ ಬರುತ್ತಿತ್ತು. ಅಜ್ಜಿ ಜಗಲಿಯಲ್ಲಿ ಕೂತಿದ್ದಳು. ಎಂಬತ್ತು ದಾಟಿದೆ, ಕಿವಿ ಮಂದ, ಕಣ್ಣು ಚುರುಕು.

"ಊಟ ಆಯ್ತಾ?" ಎಂದಳು. ಬೆಳಗ್ಗೆ ಒಂಬತ್ತೂವರೆಗೆ.

ಮಧ್ಯಾಹ್ನ ಫೋನಿನಲ್ಲಿ ಮುನುಯಿಯ ಫೋಟೋ ತೋರಿಸಿದೆ. ಹಲ್ಮೊನಿ ಕೈ ಚಾಚಿ ನಿಂತದ್ದು. ಅವರದ್ದೂ ಮುಳುಗಡೆ ಅಜ್ಜಿ ಅಂದೆ. ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: "ಬೇಸಿಗೆಯಲ್ಲಿ ನೀರು ಇಳಿದಾಗ ಏನೇನು ಕಾಣ್ತದೆ ಅಲ್ಲಿ?"

ಆರು ವರ್ಷದಲ್ಲಿ ನಾನು ಈ ಪ್ರಶ್ನೆ ಕೇಳಿರಲಿಲ್ಲ. ನಮ್ಮಲ್ಲಿ ನೀರು ತೀರಾ ಇಳಿದರೆ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಬರುತ್ತದೆ, ಮರದ ಬೊಡ್ಡೆಗಳು, ಹಳೇ ರಸ್ತೆ ಕಾಣುತ್ತವೆ. ಹಲ್ಮೊನಿಗೆ ಮೆಸೇಜ್ ಹಾಕಿದೆ. ಅಲ್ಲಿ ಮೂರೂವರೆ ಗಂಟೆ ಮುಂದೆ, ಕತ್ತಲಾಗಿತ್ತು. ಉತ್ತರ ತಕ್ಷಣ ಬಂತು. ಒಂದು ಸಲ ಬರಗಾಲದಲ್ಲಿ ಬಾವಿಯ ಕಲ್ಲು ಕಂಡಿತ್ತಂತೆ, ತಾನು ನೀರು ಸೇದುತ್ತಿದ್ದದ್ದು. ಕೆಳಗೆ ಇನ್ನೊಂದು ಸಾಲು: ದೆನ್‌ಜಾಂಗ್ ರುಚಿ ನೋಡಿದರಾ ಮನೆಯವರು?

ಎಲ್ಲರಿಗೂ ಬಹಳ ಹಿಡಿಸಿತು ಎಂದು ಬರೆದೆ.

ಆರನೇ ದಿನ: ಸೇತುವೆ

ಬೆಳಗ್ಗೆ ಅಪ್ಪಯ್ಯನ ಬೈಕಿನಲ್ಲಿ ಹೊಳೆಬಾಗಿಲಿಗೆ ಹೋದೆ. ಲಾಂಚಿಗೆ ಇಳಿಯುವ ದಾರಿಯಲ್ಲಿ ಹುಲ್ಲು ಬೆಳೆದಿತ್ತು. ಚುರುಮುರಿ, ಸೋಡಾ ಮಾರುತ್ತಿದ್ದ ಒಬ್ಬರು ಮೇಲಿನ ರಸ್ತೆಯಲ್ಲಿ ಸಿಕ್ಕಿದರು. ವ್ಯಾಪಾರ ಹೇಗೆ ಎಂದೆ. "ಕಾಯೋರು ಇದ್ರೆ ತಾನೇ ತಿನ್ನೋರು? ಈಗ ಎಲ್ಲ ಸುಂಯ್ ಅಂತ ಸಿಗಂದೂರಿಗೆ ಹೋಗ್ತಾರೆ." ಮತ್ತೆ ತಾವೇ ಹೇಳಿದರು, "ಆದ್ರೂ ಬೇಕಿತ್ತು ಬಿಡಿ. ನಮ್ಮ ಅಣ್ಣ ಹೋಗಿದ್ದು ಲಾಂಚ್ ಇಲ್ಲದ ರಾತ್ರಿಲಿ." ನನಗೆ ಲಾಂಚ್ ಬಗ್ಗೆ ಹೇಳಬೇಕು ಅಂದುಕೊಂಡದ್ದು ಗಂಟಲಲ್ಲೇ ನಿಂತಿತು.

ಸಂಜೆ ಅಜ್ಜಿ ತಾನೂ ಬರುತ್ತೇನೆ ಎಂದಳು. ಸೇತುವೆ ಆದ ಮೇಲೆ ಎರಡು ಸಲ ಆಸ್ಪತ್ರೆಗೆ ಅಂತ ದಾಟಿದ್ದಳು. ಎರಡೂ ಸಲ ಕಾರಿನಲ್ಲಿ, ಮಲಗಿಕೊಂಡು. ಆಟೋ ಮಾಡಿಸಿದೆವು. ಶನಿವಾರ, ಭಾನುವಾರ ಆ ಕಡೆ ಹೋಗಬೇಡಿ, ಗಾಡಿಗಳ ಸಾಲೇ ಸಾಲು. ಅವತ್ತು ವಾರದ ದಿನ, ಸೇತುವೆ ಖಾಲಿ. ನಡುವೆ ಬಂದಾಗ ಅಜ್ಜಿ ಆಟೋದವನ ಬೆನ್ನು ತಟ್ಟಿದಳು.

"ಇಲ್ಲಿ ನಿಲ್ಲಿಸಂಗಿಲ್ಲ ಅಮ್ಮಾ, ಬೈತಾರೆ."

"ಎರಡು ನಿಮಿಷ ಮಾರಾಯ."

ಇಳಿದಳು. ಕಂಬಿ ಹಿಡಿದು ನಿಂತಳು. ಮಳೆಗಾಲ ಮುಗಿದು ನೀರು ತುಂಬಿ ನಿಂತಿತ್ತು. ಬೊಡ್ಡೆಯಿಲ್ಲ, ದಾರಿಯಿಲ್ಲ, ದೂರದ ನಡುಗಡ್ಡೆಗಳ ಮೇಲೆ ಬಿಸಿಲು. ಲಾಂಚಿನಿಂದ ಇಷ್ಟು ದೂರ ಕಾಣುತ್ತಿರಲಿಲ್ಲ. ಇದು ಎತ್ತರ. ಅಜ್ಜಿ ಸೆರಗು ಹೊದ್ದುಕೊಂಡು, ಕಣ್ಣು ಕಿರಿದು ಮಾಡಿ, ಕೈ ಚಾಚಿದಳು.

"ಅಲ್ಲಿ. ಆ ಗುಡ್ಡದ ಎಡಕ್ಕೆ. ನಮ್ಮ ಕೊಟ್ಟಿಗೆ."

"ಆ ಕಡೆ ಅಲ್ಲಮ್ಮ, ಈ ಕಡೆ ಬರ್ತದೆ" ಎಂದರು ಅಪ್ಪಯ್ಯ. "ಅಜ್ಜ ಹೇಳ್ತಿದ್ದರಲ್ಲ, ಬಲಕ್ಕೆ ಅಂತ. ಹಳೇ ಸರ್ವೆ ನಕ್ಷೆ ನೋಡಿದ್ದೇನೆ ನಾನು."

"ನೀನು ಹುಟ್ಟೇ ಇರಲಿಲ್ಲ, ಸುಮ್ನಿರು" ಎಂದಳು ಅಜ್ಜಿ. ಕೈ ಇಳಿಸಲಿಲ್ಲ. ಹಿಂದೆ ಆಟೋದವನು ಮೆಲ್ಲಗೆ ಒಂದು ಹಾರ್ನ್ ಹಾಕಿದ.